ಎಂಟು ವರ್ಷದ ಲ್ಯಾಪ್‌ಟಾಪ್: ರಿಪೇರಿನಾ, ಹೊಸದಾ? ಗುಬ್ಬಿಯ ಒಂದು ಪ್ರಕರಣ

ಗಿರಾಕಿ ಗುಬ್ಬಿಯವರು. ಸಬ್‌ರಿಜಿಸ್ಟ್ರಾರ್ ಕಚೇರಿ ಹತ್ತಿರ ಕೂರುವ ಪತ್ರ ಬರಹಗಾರರು, ವಯಸ್ಸು ಅರವತ್ತರ ಆಸುಪಾಸು. ಕ್ರಯಪತ್ರ, ದಾನಪತ್ರ, ವಿಭಾಗ ಪತ್ರ, ಹಕ್ಕು ಖುಲಾಸೆ, ಬಾಡಿಗೆ ಕರಾರು, ಇಸಿಗೆ (ಋಣಭಾರ ಪತ್ರಕ್ಕೆ) ಅರ್ಜಿ, ಎಲ್ಲ ಕೆಲಸವೂ ಒಂದೇ ಲ್ಯಾಪ್‌ಟಾಪಿನಲ್ಲಿ. ಅದನ್ನು 2018ರಲ್ಲಿ ತುಮಕೂರಿನಲ್ಲೇ ತೆಗೆದುಕೊಂಡಿದ್ದರು. 15.6 ಇಂಚಿನ ಪರದೆ, ಇಂಟೆಲ್ ಐ3-6006ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ವಿಂಡೋಸ್ 10. ಕಂಪನಿ ಹೆಸರು ಬೇಡ ಬಿಡಿ. ಆ ಕಾಲದ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇದ್ದವು.

ನನ್ನದು ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಗಲ್ಲಿಯಲ್ಲಿ ಸಣ್ಣ ಸರ್ವೀಸ್ ಅಂಗಡಿ. 2026ರ ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ಬ್ಯಾಗ್ ತಂದು ಟೇಬಲ್ ಮೇಲೆ ಇಟ್ಟರು. ದೂರು ಒಂದೆರಡಲ್ಲ. ಆನ್ ಆಗಿ ಕೆಲಸಕ್ಕೆ ಬರುವಷ್ಟರಲ್ಲಿ ಟೀ ಕುಡಿದು ಬರಬಹುದು. ಬಲಗಡೆ ಹಿಂಜ್ (ಮುಚ್ಚಳದ ಕೀಲು) ಮುರಿದಿದೆ. ಬ್ಯಾಟರಿ ಐದು ನಿಮಿಷವೂ ನಿಲ್ಲುವುದಿಲ್ಲ. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಕೆಲಸದ ಮಧ್ಯೆ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ.

“ಪಾರ್ಟಿಯವರು ಎದುರಿಗೆ ಕೂತಿರ್ತಾರೆ ಕಣಪ್ಪಾ. ಚೆಕ್ಕುಬಂದಿ ಟೈಪ್ ಮಾಡ್ತಿರ್ತೀನಿ, ಪೂರ್ವಕ್ಕೆ, ಪಶ್ಚಿಮಕ್ಕೆ ಅಂತ. ಉತ್ತರಕ್ಕೆ ಬರೋ ಹೊತ್ತಿಗೆ ಕಪ್ಪು!”

ಅವರು ನನ್ನ ಹತ್ತಿರ ಬರುವ ಮೊದಲೇ ಬೇರೊಂದು ಕಡೆ ತೋರಿಸಿದ್ದರು. ಅಲ್ಲಿ ಮದರ್‌ಬೋರ್ಡ್ ಹೋಗಿದೆ, ಬದಲಿಸಬೇಕು, 9,500 ರೂಪಾಯಿ ಅಂದಿದ್ದರಂತೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲಿ “ಅಪ್ಪಾ, ಅದನ್ನ ಬಿಸಾಕಿ ಹೊಸದು ತಗೋ, ನಾನೇ ಇಎಂಐ ಕಟ್ತೀನಿ” ಅಂದಿದ್ದಳು. ಅವಳು ಹೇಳಿದ ಮಾಡೆಲ್ 42,000. ಅಂದರೆ ಅವರು ಬಂದಿದ್ದು ಎರಡು ತೀರ್ಮಾನಗಳ ನಡುವೆ ಒಂದನ್ನು ಆರಿಸಿಕೊಳ್ಳಲು. ಎರಡಕ್ಕೂ ಆಧಾರ ಒಂದೇ, “ಬೋರ್ಡ್ ಹೋಗಿದೆ” ಅನ್ನುವ ಮಾತು. ಅದನ್ನು ಯಾರೂ ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ.

ಆದರೆ ನಾನು ಮೊದಲು ಮುಟ್ಟಿದ್ದು ಬೋರ್ಡನ್ನಲ್ಲ, ಹಾರ್ಡ್ ಡಿಸ್ಕನ್ನು. ಇದು ನನ್ನ ಅಂಗಡಿಯ ನಿಯಮ. ಲ್ಯಾಪ್‌ಟಾಪ್ ಹೋದರೆ ಇನ್ನೊಂದು ಸಿಗುತ್ತದೆ, ಒಳಗಿನ ಫೈಲ್ ಸಿಗುವುದಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಪ್ರೋಗ್ರಾಂ ಇದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕವನ್ನು ಅದು ತೋರಿಸುತ್ತದೆ. ಇವರ ಡಿಸ್ಕಿಗೆ ಹಳದಿ ಬಣ್ಣದಲ್ಲಿ ‘ಕಾಶನ್’ ಅಂತ ಬಂತು. ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಅನ್ನುವ ಸಾಲಿನಲ್ಲಿ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಅಂದರೆ ಡಿಸ್ಕಿನ ಕೆಲವು ಜಾಗಗಳನ್ನು ಓದಲು ಅದಕ್ಕೇ ಆಗುತ್ತಿಲ್ಲ. ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಅಷ್ಟೂ ಹೊತ್ತು ವಿಂಡೋಸ್ ಕೈಕಟ್ಟಿ ಕೂತಿರುತ್ತದೆ. ನಿಧಾನಕ್ಕೆ ಮುಖ್ಯ ಕಾರಣ ಅದೇ.

ಇಂಥ ಡಿಸ್ಕಿನ ಮೇಲೆ ವಿಂಡೋಸ್ ಮರು ಇನ್‌ಸ್ಟಾಲ್ ಮಾಡುವುದು, ವೈರಸ್ ಸ್ಕ್ಯಾನ್ ಹಾಕಿ ಬಿಡುವುದು, ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳ ಮರುಜೋಡಣೆ) ಮಾಡುವುದು ಎಲ್ಲವೂ ಅಪಾಯ. ಸಾಯುತ್ತಿರುವ ಡಿಸ್ಕಿಗೆ ಇನ್ನಷ್ಟು ಓಡಾಟ ಕೊಟ್ಟಂತಾಗುತ್ತದೆ. ಬಿಚ್ಚಿ ಹೊರಗೆ ತೆಗೆದು ನನ್ನ ಮೆಷಿನ್‌ಗೆ ಜೋಡಿಸಿ, ಮೊದಲು ಪತ್ರಗಳ ಫೋಲ್ಡರ್, ಆಮೇಲೆ ಸ್ಕ್ಯಾನ್‌ಗಳು, ಕೊನೆಗೆ ಮಿಕ್ಕಿದ್ದು, ಈ ಕ್ರಮದಲ್ಲಿ ನಕಲು ಮಾಡಿಕೊಂಡೆ. ಪತ್ರಗಳೆಲ್ಲ ಸಿಕ್ಕವು. ಮೊಮ್ಮಗನ ನಾಮಕರಣದ ಒಂದು ವಿಡಿಯೊ ಅರ್ಧಕ್ಕೆ ನಿಂತಿತು. ಅದು ಮಗಳ ಫೋನಿನಲ್ಲಿ ಇತ್ತಂತೆ, ಪುಣ್ಯ.

ಇನ್ನು ‘ಬೋರ್ಡ್’ ವಿಚಾರ. ಆಫ್ ಆಗುತ್ತದೆ ಅಂತ ಅವರು ಹೇಳಿದ್ದನ್ನು ಕಣ್ಣಾರೆ ನೋಡಬೇಕಿತ್ತು. ಪರೀಕ್ಷೆಗೆ ಅಂತ ನನ್ನದೇ ಒಂದು ಡಿಸ್ಕ್ ಹಾಕಿ ಮೆಷಿನ್ ಆನ್ ಮಾಡಿ, ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಮಾಡಿದೆ. ಒಂದು ಕೋನಕ್ಕೆ ಬಂದಾಗ ಪರದೆ ಕಪ್ಪಾಯಿತು. ಆದರೆ ಫ್ಯಾನ್ ತಿರುಗುತ್ತಲೇ ಇತ್ತು. ಕ್ಯಾಪ್ಸ್ ಲಾಕ್ ಒತ್ತಿದೆ, ಅದರ ಪುಟ್ಟ ದೀಪ ಹತ್ತಿತು. ಮತ್ತೆ ಒತ್ತಿದೆ, ಆರಿತು. ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರೆ ಡೆಸ್ಕ್‌ಟಾಪಿನ ಐಕಾನ್‌ಗಳು ಮಸುಕಾಗಿ ಕಾಣುತ್ತಿದ್ದವು. ಮೆಷಿನ್ ಆಫ್ ಆಗಿಯೇ ಇರಲಿಲ್ಲ! ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿತ್ತು. ಪಾಪ, ಅವರು ಪ್ರತಿ ಸಲ ಪವರ್ ಬಟನ್ ಒತ್ತಿ ಹಿಡಿದು ತಾವೇ ಆಫ್ ಮಾಡುತ್ತಿದ್ದರು. ಟೈಪ್ ಮಾಡಿದ್ದು ಹಾಗಾಗಿ ಹೋಗುತ್ತಿತ್ತು.

ಎಚ್‌ಡಿಎಂಐ ಕೇಬಲ್‌ನಲ್ಲಿ ಅಂಗಡಿಯ ಮಾನಿಟರ್ ಜೋಡಿಸಿ ಮಧ್ಯಾಹ್ನ ಪೂರ್ತಿ ಓಡಿಸಿದೆ. ಒಮ್ಮೆಯೂ ತಡವರಿಸಲಿಲ್ಲ. ಬೋರ್ಡ್ ಚೆನ್ನಾಗಿದೆ ಅನ್ನಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಮನೆಯಲ್ಲಿ ಟಿವಿ ಇದ್ದರೆ ಯಾರು ಬೇಕಾದರೂ ಮಾಡಿ ನೋಡಬಹುದು.

ಪರದೆಯ ಚೌಕಟ್ಟು ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಹಿಂಜ್‌ನ ಸ್ಕ್ರೂಗಳು ಹಿಡಿದುಕೊಳ್ಳುವುದು ಪ್ಲಾಸ್ಟಿಕ್‌ನಲ್ಲಿ ಕೂರಿಸಿದ ಸಣ್ಣ ಹಿತ್ತಾಳೆ ನಟ್‌ಗಳನ್ನು. ವರ್ಷಗಟ್ಟಲೆ ತೆಗೆದು ಮುಚ್ಚಿ ಮಾಡಿದರೆ ಹಿಂಜ್‌ನ ಗ್ರೀಸ್ ಒಣಗಿ ಬಿಗಿಯಾಗುತ್ತದೆ. ಆಗ ಮುಚ್ಚಳ ಎತ್ತುವ ಬಲವೆಲ್ಲ ಆ ನಟ್‌ಗಳ ಮೇಲೆ ಬೀಳುತ್ತದೆ. ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತವೆ. ಇಲ್ಲಿ ಬಲಗಡೆಯ ಎರಡು ನಟ್ ಕಿತ್ತು ಬಂದು ಒಳಗೇ ಉರುಳಾಡುತ್ತಿದ್ದವು. ಸಡಿಲವಾದ ಹಿಂಜ್ ಪಕ್ಕದಲ್ಲೇ ಹೋಗುವ ಡಿಸ್ಪ್ಲೇ ಕೇಬಲನ್ನು ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿತ್ತು. ಕೂದಲಿನಷ್ಟು ತೆಳ್ಳಗಿನ ತಂತಿಗಳಲ್ಲಿ ಒಂದೆರಡು ತುಂಡಾಗಿದ್ದವು. ಮಲ್ಟಿಮೀಟರ್‌ನ ಎರಡು ತುದಿ ಇಟ್ಟು ಕೇಬಲ್ ಬಗ್ಗಿಸಿದರೆ ಬೀಪ್ ಬಂದು ಬಂದು ನಿಲ್ಲುತ್ತಿತ್ತು.

9,500ರ ರೋಗ ಅಂದುಕೊಂಡಿದ್ದು 700 ರೂಪಾಯಿಯ ಕೇಬಲ್ ಅಂತಾಯಿತು.

ಟಚ್‌ಪ್ಯಾಡ್ ಗುಟ್ಟು ತಳದ ಕವರ್ ತೆಗೆದಾಗ ತಿಳಿಯಿತು. ಬ್ಯಾಟರಿ ಪೂರಿ ಹಾಗೆ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿತ್ತು. ಲಿಥಿಯಂ ಬ್ಯಾಟರಿ ಹಳತಾಗಿ ಒಳಗಿನ ರಾಸಾಯನಿಕ ಕೆಟ್ಟಾಗ ಅನಿಲ ಹುಟ್ಟುತ್ತದೆ, ಅದಕ್ಕೆ ಹೊರಗೆ ದಾರಿ ಇಲ್ಲದೆ ಉಬ್ಬುತ್ತದೆ. ಸದಾ ಚಾರ್ಜರ್‌ಗೆ ಹಾಕಿಟ್ಟ ಲ್ಯಾಪ್‌ಟಾಪ್‌ನಲ್ಲಿ ಇದು ಇನ್ನೂ ಬೇಗ. ಇದನ್ನು ನೋಡಿದ ಮೇಲೆ ರಿಪೇರಿನಾ ಹೊಸದಾ ಅನ್ನುವ ಚರ್ಚೆ ಪಕ್ಕಕ್ಕಿಟ್ಟು, ಮೊದಲು ಬ್ಯಾಟರಿ ಹೊರಗೆ ತೆಗೆಯಲೇಬೇಕು. ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜ್ ಮಾಡಬಾರದು. ಕಸದ ಗಾಡಿಗೆ ಹಾಕುವುದಂತೂ ಬೇಡವೇ ಬೇಡ, ಲಾರಿಯಲ್ಲಿ ಅದುಮಿದಾಗ ಬೆಂಕಿ ಹತ್ತಬಹುದು. ನನ್ನ ಅಂಗಡಿಯಲ್ಲಿ ಇಂಥವಕ್ಕೆ ಮರಳು ತುಂಬಿದ ಒಂದು ತಗಡಿನ ಡಬ್ಬಿ ಇದೆ. ಒಂದಷ್ಟು ಸೇರಿದ ಮೇಲೆ ಬೆಂಗಳೂರಿನ ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ ಹೋಗುತ್ತದೆ.

ಈಗ ಪಟ್ಟಿ ಸ್ಪಷ್ಟವಾಯಿತು. ಎಲ್ಲವನ್ನೂ ಹೊಸದು ಹಾಕಿ ಸರಿ ಮಾಡಿದರೆ ಎಷ್ಟು? 256 ಜಿಬಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ ವೇಗದ ಡ್ರೈವ್) 2,800. ಡಿಸ್ಪ್ಲೇ ಕೇಬಲ್ 700. ಹಿಂಜ್ ಜೋಡಿ 800. ಪರದೆ ಹಿಂದಿನ ಪ್ಯಾನೆಲ್ 1,700. ಬ್ಯಾಟರಿ 2,300. ಇನ್ನೊಂದು 4 ಜಿಬಿ ರ‍್ಯಾಮ್ ಹೊಸದು 1,800. ಕೂಲಿ 1,200. ಒಟ್ಟು 11,300. ಇಷ್ಟು ಹಾಕಿ ಮಿರಮಿರ ಮಿಂಚುವಂತೆ ಮಾಡಿದರೂ ಆ ಮೆಷಿನ್ ಮಾರಿದರೆ ಎಂಟು ಸಾವಿರ ಹುಟ್ಟುವುದು ಕಷ್ಟ. ಈ ದಾರಿ ಬೇಡ ಅಂತ ಅವರಿಗೆ ನಾನೇ ಹೇಳಿದೆ. ನನಗೆ ಜಾಸ್ತಿ ಲಾಭ ಇದ್ದಿದ್ದು ಇದರಲ್ಲೇ, ಇರಲಿ.

“ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದು ತಗೊಳ್ಳಿ” ಅಂತ ಒಂದು ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆ ಲೆಕ್ಕದ ಪ್ರಕಾರ 42,000ದ ಎದುರು 11,300 ಸಸ್ತಾ, ರಿಪೇರಿ ಮಾಡಿಸಬೇಕು. ಆದರೆ ಅದು ಎಲ್ಲ ಬಿಡಿಭಾಗವನ್ನೂ ಒಂದೇ ಅಂತ ನೋಡುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ. ಇವತ್ತು ಹಾಕಿದ ದುಡ್ಡಿನಲ್ಲಿ ಎಷ್ಟು ಮುಂದಿನ ಮೆಷಿನ್‌ಗೂ ಬರುತ್ತದೆ, ಎಷ್ಟು ಇದರ ಜೊತೆಗೇ ಗುಜರಿಗೆ ಹೋಗುತ್ತದೆ? ಎಸ್‌ಎಸ್‌ಡಿ ಬರುತ್ತದೆ. ಹೊಸ ತೆಳ್ಳನೆ ಲ್ಯಾಪ್‌ಟಾಪ್‌ಗಳ ಒಳಗೆ 2.5 ಇಂಚಿನ ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ಜಾಗ ಇರುವುದಿಲ್ಲ, ನಿಜ. ಆದರೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಕೇಸ್‌ಗೆ ಹಾಕಿದರೆ ಬ್ಯಾಕಪ್ ಡ್ರೈವ್ ಆಗುತ್ತದೆ. ಇವರ ಬಳಿ ಬ್ಯಾಕಪ್ ಅನ್ನುವುದೇ ಇರಲಿಲ್ಲ. ಬ್ಯಾಟರಿ, ಹಿಂಜ್, ಪ್ಯಾನೆಲ್ ಬರುವುದಿಲ್ಲ. ಬೋರ್ಡಿಗೆ ಹಾಕಿದ್ದಂತೂ ಪೂರ್ತಿ ಹೋದಂತೆ. ಹಾಗಾಗಿ ಹಳೆ ಮೆಷಿನ್‌ನಲ್ಲಿ ಬೋರ್ಡ್ ನಿಜವಾಗಿ ಕೆಟ್ಟಿದ್ದರೆ ನಾನು ಅಲ್ಲಿಗೇ ಕೈಬಿಡಿ ಅನ್ನುತ್ತೇನೆ.

ಇನ್ನೊಂದು ಪ್ರಶ್ನೆ ಇದೆ. ಇದು ಇನ್ನೆಷ್ಟು ದಿನ ಬೇಕು? ಸುಮ್ನೆ ‘ಇನ್ನೊಂದೆರಡು ವರ್ಷ’ ಅನ್ನುವಂತಿಲ್ಲ. ಇವರ ಮೆಷಿನ್‌ಗೆ ಗಡುವು ಬರೆದೇ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟಿದ್ದಾರೆ, ಅದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ಮೇಲಿನ ಪ್ರೊಸೆಸರ್ ಬೇಕು. 6006ಯು 6ನೇ ತಲೆಮಾರಿನದು. ಅಡ್ಡದಾರಿಯಲ್ಲಿ 11 ಹಾಕಿಕೊಡುವವರಿದ್ದಾರೆ, ಹಾಕಲೂ ಬಹುದು. ಆದರೆ ಊರವರ ಆಧಾರ್, ಪಾನ್, ಪಹಣಿ ಸ್ಕ್ಯಾನ್‌ಗಳೆಲ್ಲ ಇರುವ ಮೆಷಿನ್‌ಗೆ, ಕಂಪನಿಯೇ ಒಪ್ಪದ ಏರ್ಪಾಡು ಮಾಡಿಕೊಡಲು ನನಗೆ ಮನಸ್ಸಿಲ್ಲ.

ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್? ಅದನ್ನೂ ಮಾತಾಡಿದೆವು. ನೋಂದಣಿ ಇಲಾಖೆಯ ಕಾವೇರಿ 2.0 ಬ್ರೌಸರ್‌ನಲ್ಲೇ ನಡೆಯುತ್ತದೆ, ಕನ್ನಡ ಕೀಲಿಮಣೆಯೂ ಇದೆ. ತೊಡಕು ಇವರ ಹಳೆ ಪತ್ರಗಳದ್ದು. ವರ್ಷಗಳಿಂದ ನುಡಿ ಫಾಂಟಿನಲ್ಲಿ ಮಾಡಿಟ್ಟ ಮಾದರಿಗಳು, ಎಲ್ಲ ಕಂಪ್ಯೂಟರ್‌ನಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟ್ ಹಾಕಿದರೂ ತಿದ್ದಿ ಟೈಪ್ ಮಾಡಲು ನುಡಿ ಸಾಫ್ಟ್‌ವೇರೇ ಬೇಕು, ಅದು ಇರುವುದು ವಿಂಡೋಸ್‌ಗೆ. “ಈ ವಯಸ್ಸಲ್ಲಿ ನನ್ನ ಬೆರಳಿಗೆ ಹೊಸ ಪಾಠ ಬೇಡ ಕಣಪ್ಪಾ” ಅಂದರು. ಸರಿಯೇ ಇದೆ.

ಆ ಹೊತ್ತಿಗೆ ಮಗಳು ಫೋನ್ ಮಾಡಿದಳು. ಸ್ಪೀಕರ್‌ಗೆ ಹಾಕಿದರು. ಅವಳ ವಾದ ತೆಗೆದುಹಾಕುವಂಥದ್ದಲ್ಲ. “ಅಣ್ಣಾ, ಈಗ ರ‍್ಯಾಮ್ ರೇಟ್ ನೋಡಿದೀರಾ? ಅಕ್ಟೋಬರ್‌ವರೆಗೂ ಕಾದ್ರೆ ಲ್ಯಾಪ್‌ಟಾಪ್ ಇನ್ನೂ ದುಬಾರಿ ಆಗ್ಬಹುದಲ್ವಾ?” ಹೌದು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜೋರಾಗಿ ಏರಿತು. ರ‍್ಯಾಮ್, ಎಸ್‌ಎಸ್‌ಡಿ ಎರಡಕ್ಕೂ ಅದರ ಬಿಸಿ ತಟ್ಟಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಬೆಳಿಗ್ಗೆ ಹೇಳಿದ ರೇಟನ್ನು ಸಂಜೆ ಒಪ್ಪದ ದಿನಗಳನ್ನು ನಾನೇ ನೋಡಿದ್ದೇನೆ. ಕಾಯುವುದಕ್ಕೂ ಬೆಲೆ ಇದೆ ಅನ್ನುವುದು ನಿಜ.

ಆದರೆ ಅವಳು ಹೇಳಿದ 42,000ದ ಮಾಡೆಲ್ ತೆರೆದು ನೋಡಿದೆವು. 14 ಇಂಚು, ನಂಬರ್ ಪ್ಯಾಡ್ ಇಲ್ಲ. ಇವರ ಕೈ ಮುಕ್ಕಾಲು ಹೊತ್ತು ನಂಬರ್ ಪ್ಯಾಡ್ ಮೇಲೇ. ಸರ್ವೆ ನಂಬರ್, ಎಕರೆ-ಗುಂಟೆ, ಮುದ್ರಾಂಕ ಶುಲ್ಕ, ಆಧಾರ್ ಸಂಖ್ಯೆ, ಮೊಬೈಲ್ ನಂಬರ್. ಕ್ರಯಪತ್ರದಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಮತ್ತೆ ತಿದ್ದುಪಡಿ ಪತ್ರ ಮಾಡಿಸಬೇಕು, ಎರಡೂ ಕಡೆಯವರು ಮತ್ತೆ ಬಂದು ಸಹಿ ಹಾಕಬೇಕು. ಅದೇ ತೊಡಕು ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್‌ಗಳಿಗೂ. 8ನೇ ತಲೆಮಾರಿನ ಐ5 ಇರುವವು 20,000ದ ಆಸುಪಾಸಿಗೆ ಸಿಗುತ್ತವೆ, ಕಟ್ಟುಮಸ್ತಾಗಿರುತ್ತವೆ, ವಿಂಡೋಸ್ 11ಕ್ಕೂ ಆಗುತ್ತವೆ. ಬೇರೆ ಯಾರಿಗಾದರೂ ನಾನು ಕಣ್ಣುಮುಚ್ಚಿ ಅದನ್ನೇ ಹೇಳುತ್ತಿದ್ದೆ. ಆದರೆ ಬರುವುದೆಲ್ಲ ಹೆಚ್ಚಾಗಿ 14 ಇಂಚಿನವೇ. ಯುಎಸ್‌ಬಿ ನಂಬರ್ ಪ್ಯಾಡ್ ಪಕ್ಕಕ್ಕಿಟ್ಟುಕೊಳ್ಳಿ ಅಂದೆ. ಅವರ ಮೇಜಿನ ಮೇಲೆ ಪ್ರಿಂಟರ್, ಸ್ಟಾಂಪ್ ಪ್ಯಾಡ್, ಪಾರ್ಟಿಯವರ ಕಾಗದ ಎಲ್ಲ ಸೇರಿ ಜಾಗವೇ ಇಲ್ಲವಂತೆ.

ಹೀಗಾಗಿ ಮೂರನೇ ದಾರಿ. ಅಕ್ಟೋಬರ್‌ವರೆಗೆ ಮಾತ್ರ ಬದುಕಿಸುವಷ್ಟು ಖರ್ಚು, ಅದರ ಮೇಲೆ ಒಂದು ಪೈಸೆ ಬೇಡ. ಎಸ್‌ಎಸ್‌ಡಿ 2,800. ಕೇಬಲ್ 700. ಬಳಸಿದ 4 ಜಿಬಿ ರ‍್ಯಾಮ್ 1,000. ಕಾವೇರಿ, ವರ್ಡ್, ವಾಟ್ಸಾಪ್ ವೆಬ್ ಮೂರೂ ತೆರೆದರೆ 4 ಜಿಬಿ ಸಾಲುವುದಿಲ್ಲ, ಅದಕ್ಕೇ ಅದು ಬೇಕು. ಹಿಂಜ್ ಹೊಸದು ಬೇಡ, ಇರುವುದನ್ನೇ ಕೂರಿಸುವುದು. ಕೂಲಿ ಸೇರಿ 1,000. ಬ್ಯಾಟರಿ ಇಲ್ಲ. ಒಟ್ಟು 5,500. ಇದರಲ್ಲಿ ಎಸ್‌ಎಸ್‌ಡಿ ಉಳಿಯುತ್ತದೆ. ಹೋಗುವುದು 2,700. ಜನವರಿ ಕೊನೆಯಿಂದ ಅಕ್ಟೋಬರ್‌ಗೆ ತಿಂಗಳಿಗೆ 300 ಬಿತ್ತು. ಅಷ್ಟರಲ್ಲಿ ನಂಬರ್ ಪ್ಯಾಡ್ ಇರುವ 15.6 ಇಂಚಿನ ಒಳ್ಳೆಯದನ್ನು ನೋಡಿಕೊಂಡು, ಬೆಲೆ ಇಳಿದಾಗ ತೆಗೆದುಕೊಳ್ಳುವುದು. ಮಗಳು ಸ್ವಲ್ಪ ಹೊತ್ತು ಲೆಕ್ಕ ಹಾಕಿ “ಸರಿ, ಆದ್ರೆ ಅಕ್ಟೋಬರ್ ದಾಟಬಾರದು” ಅಂದಳು.

ಬ್ಯಾಟರಿ ಬಿಟ್ಟಿದ್ದಕ್ಕೆ ಕೆಲವರು ಹುಬ್ಬೇರಿಸಬಹುದು. ಇವರು ಲ್ಯಾಪ್‌ಟಾಪನ್ನು ಮೇಜು ಬಿಟ್ಟು ಎಲ್ಲಿಗೂ ಒಯ್ಯುವುದಿಲ್ಲ. ಕಚೇರಿಯಲ್ಲಿ ಇನ್ವರ್ಟರ್ ಇದೆ. ಬ್ಯಾಟರಿ ಇಲ್ಲದೆ ಎಲ್ಲ ಮಾಡೆಲ್‌ಗಳೂ ಸರಿಯಾಗಿ ಓಡುವುದಿಲ್ಲ, ಕೆಲವು ವೇಗ ತಗ್ಗಿಸಿಕೊಳ್ಳುತ್ತವೆ. ಇದು ಓಡಿತು. ಇನ್ವರ್ಟರನ್ನು ‘ಯುಪಿಎಸ್ ಮೋಡ್’ಗೆ ಹಾಕಲು ಹೇಳಿದೆ, ಕರೆಂಟ್ ಹೋದಾಗ ಅದು ಬದಲಾಯಿಸಿಕೊಳ್ಳುವ ಹೊತ್ತು ತೀರಾ ಕಡಿಮೆ. ಅಂಗಡಿಯಲ್ಲೇ ಆ ಮೋಡ್‌ನಲ್ಲಿರುವ ಇನ್ವರ್ಟರ್‌ಗೆ ಹಾಕಿ, ಪತ್ರವೊಂದನ್ನು ತೆರೆದಿಟ್ಟು, ಮೇನ್ ಸ್ವಿಚ್ ಕೆಳಗೆ ಹಾಕಿದೆ. ಟ್ಯೂಬ್‌ಲೈಟ್ ಒಮ್ಮೆ ಮಿನುಗಿತು. ಪರದೆ ಅಲ್ಲಾಡಲಿಲ್ಲ. ಅವರಿಂದಲೇ ಇನ್ನೊಂದು ಸಲ ಮಾಡಿಸಿದೆ. ಟೈಪ್ ಮಾಡಿದ್ದನ್ನು ವರ್ಡ್ ತಾನೇ ಉಳಿಸಿಟ್ಟುಕೊಳ್ಳುವ ‘ಆಟೋರಿಕವರ್’ ಸಮಯವನ್ನೂ ಒಂದು ನಿಮಿಷಕ್ಕೆ ಇಳಿಸಿಕೊಟ್ಟೆ.

ಹಿಂಜ್ ಕೆಲಸದಲ್ಲಿ ಗಮ್ ಮುಖ್ಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎರಡು ಟ್ಯೂಬಿನ ಎಪಾಕ್ಸಿ ಗಮ್ ಬೇಕು, ಪ್ಲಾಸ್ಟಿಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡಬೇಕು, ನಟ್ ಕೂರಿಸಿ ಒಂದು ದಿನ ಮುಟ್ಟದೆ ಬಿಡಬೇಕು, ಎಲ್ಲ ನಿಜ. ಆದರೆ ಹಿಂಜ್‌ನ ಬಿಗಿ ಹಾಗೇ ಇದ್ದರೆ ಅದೇ ಬಲ ಮತ್ತೆ ಅದೇ ನಟ್ ಮೇಲೆ ಬೀಳುತ್ತದೆ, ಒಂದೆರಡು ತಿಂಗಳಲ್ಲಿ ಮತ್ತೆ ಕಿತ್ತು ಬರುತ್ತದೆ. ಹಿಂಜ್ ತುದಿಯಲ್ಲಿ ಒಂದು ಸಣ್ಣ ನಟ್ ಇರುತ್ತದೆ. ಎರಡೂ ಕಡೆ ಅದನ್ನು ಸ್ವಲ್ಪ ಸಡಿಲಿಸಿ, ಒಂದು ಹನಿ ಎಣ್ಣೆ ಬಿಟ್ಟೆ. ಒಂದೇ ಬೆರಳಿನಲ್ಲಿ ಮುಚ್ಚಳ ಎತ್ತಬಹುದು, ಎತ್ತಿದಲ್ಲಿ ನಿಲ್ಲಬೇಕು, ಅಷ್ಟು ಸಾಕು. ಮುಚ್ಚಳವನ್ನು ಒಂದು ಮೂಲೆ ಹಿಡಿದು ಎಳೆಯಬೇಡಿ, ಮಧ್ಯದಲ್ಲಿ ಹಿಡಿದು ಎತ್ತಿ ಅಂತಲೂ ಹೇಳಿದೆ.

ಎಸ್‌ಎಸ್‌ಡಿಗೆ ವಿಂಡೋಸ್ 10 ಹೊಸದಾಗಿ ಹಾಕಿದೆ. ಕೆಟ್ಟ ಡಿಸ್ಕಿನಿಂದ ಇಡಿಯಾಗಿ ಕ್ಲೋನ್ ಮಾಡಿದರೆ ಹಾಳಾದ ಫೈಲ್‌ಗಳೂ ಜೊತೆಗೇ ಬರುತ್ತವೆ, ಅದಕ್ಕೆ. ಹೆಚ್ಚುವರಿ ಅಪ್‌ಡೇಟ್‌ಗೆ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಂದಾಯಿಸಿ, ನುಡಿ, ಪ್ರಿಂಟರ್, ಸ್ಕ್ಯಾನರ್ ಹಾಕಿದ್ದಾಯಿತು. ಫ್ಯಾನಿನ ಧೂಳು ತೆಗೆದು ಪ್ರೊಸೆಸರ್‌ನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ, ಅದು ಕೂಲಿಯಲ್ಲೇ ಸೇರಿತು. ಅವರು ಆನ್ ಮಾಡಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿತ್ತು.

ಹಳೆ ಹಾರ್ಡ್ ಡಿಸ್ಕ್ ನನ್ನ ಹತ್ತಿರ ಬಿಡಬೇಡಿ, ಯಾರ ಹತ್ತಿರವೂ ಬಿಡಬೇಡಿ ಅಂದೆ. ಡಿಲೀಟ್ ಮಾಡಿದ ಫೈಲ್ ಡಿಸ್ಕಿನಿಂದ ಹೋಗುವುದಿಲ್ಲ, ಅದರ ಮೇಲೆ ಬೇರೆಯದು ಬರೆಯುವವರೆಗೆ ವಾಪಸ್ ತೆಗೆಯಬಹುದು. ಇದರಲ್ಲಿ ಊರಿನ ಅರ್ಧ ಜನರ ಆಸ್ತಿ ಪತ್ರ, ಹೆಬ್ಬೆಟ್ಟು, ಫೋಟೊ ಇದ್ದವು. ಎಲ್ಲ ಪತ್ರಗಳೂ ಸರಿಯಾಗಿ ಬಂದಿವೆ ಅಂತ ಅವರು ಒಂದೊಂದು ವರ್ಷದ ಫೋಲ್ಡರ್ ತೆರೆದು ಖಾತ್ರಿ ಮಾಡಿಕೊಂಡ ಮೇಲೆ, ಅವರ ಎದುರಿಗೇ ಡ್ರಿಲ್ಲಿಂಗ್ ಮೆಷಿನ್‌ನಲ್ಲಿ ಡಿಸ್ಕಿಗೆ ತೂತು ಹಾಕಿದೆ.

ಬಿಲ್ ಹಿಂದೆ ಮೂರು ಸಾಲು ಬರೆದುಕೊಟ್ಟೆ, ಮಗಳಿಗೂ ಅದರ ಫೋಟೊ ಕಳಿಸಿದರು. ಪರದೆ ಮತ್ತೆ ಕಪ್ಪಾದರೆ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ, ದೀಪ ಹತ್ತಿದರೆ ತನ್ನಿ, ಕೇಬಲ್‌ಗೆ ನನ್ನ ಗ್ಯಾರಂಟಿ. ದೀಪ ಹತ್ತದೆ ಮೆಷಿನ್ನೇ ಆನ್ ಆಗದಿದ್ದರೆ ಬೋರ್ಡ್ ಇರಬಹುದು, ಆಗ ರಿಪೇರಿಗೆ ದುಡ್ಡು ಹಾಕಬೇಡಿ, ಎಸ್‌ಎಸ್‌ಡಿ ತೆಗೆಸಿಕೊಂಡು ಸೀದಾ ಹೊಸದಕ್ಕೆ ಹೋಗಿ. ಎರಡೂ ಆಗದೆ ಚೆನ್ನಾಗಿಯೇ ಓಡುತ್ತಿದ್ದರೂ ದಸರಾಗೆ ಮೊದಲು ಒಂದು ಫೋನ್ ಮಾಡಿ, 15.6 ಇಂಚು, ನಂಬರ್ ಪ್ಯಾಡ್, 16 ಜಿಬಿ ರ‍್ಯಾಮ್ ಇರುವ ಮಾಡೆಲ್ ನೋಡಿಡುತ್ತೇನೆ.